ಸಮುದಾಯ ಕಾರ್ಯಕ್ರಮದ ಮೌಲ್ಯಮಾಪನ: ಕೆಲಸ ಮಾಡಿದೆವು ಸರಿ, ಬದಲಾದದ್ದು ಏನು?

1939ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕೇಂಬ್ರಿಡ್ಜ್ ಮತ್ತು ಸಾಮರ್‌ವಿಲ್ ಎಂಬ ಅಕ್ಕಪಕ್ಕದ ಊರುಗಳಲ್ಲಿ ಒಂದು ಕಾರ್ಯಕ್ರಮ ಶುರುವಾಯಿತು. ಬಡ ಬಡಾವಣೆಗಳ ಹುಡುಗರು ಅಪರಾಧದ ದಾರಿ ಹಿಡಿಯದಂತೆ ನೋಡಿಕೊಳ್ಳುವುದು ಅದರ ಗುರಿ. ಪ್ರತಿ ಹುಡುಗನಿಗೂ ಒಬ್ಬ ಸಲಹೆಗಾರರಿದ್ದರು. ಅವರು ಮನೆಗೆ ಬಂದು ವಿಚಾರಿಸುತ್ತಿದ್ದರು, ಪಾಠಕ್ಕೆ ನೆರವಾಗುತ್ತಿದ್ದರು, ಕಾಯಿಲೆ ಬಿದ್ದರೆ ವೈದ್ಯರ ಬಳಿ ಕಳುಹಿಸುತ್ತಿದ್ದರು, ಬೇಸಿಗೆ ಶಿಬಿರಕ್ಕೆ ಸೇರಿಸುತ್ತಿದ್ದರು. ಈ ಒಡನಾಟ ಸರಾಸರಿ ಐದು ವರ್ಷ ನಡೆಯಿತು. ಸುಮಾರು ಮೂವತ್ತು ವರ್ಷಗಳ ನಂತರ ಸಂಶೋಧಕಿ ಜೋನ್ ಮೆಕಾರ್ಡ್ ಆ ಹುಡುಗರನ್ನು, ಅಷ್ಟು ಹೊತ್ತಿಗೆ ನಡುವಯಸ್ಸಿಗೆ ಬಂದಿದ್ದ ಗಂಡಸರನ್ನು, ಹುಡುಕಿಸಿ ಕೇಳಿದರು. ಉತ್ತರಿಸಿದವರಲ್ಲಿ ಮೂರರಲ್ಲಿ ಎರಡು ಪಾಲು ಜನ ಕಾರ್ಯಕ್ರಮದಿಂದ ತಮಗೆ ಒಳ್ಳೆಯದಾಯಿತು ಎಂದರು.

ಇಲ್ಲಿಗೇ ನಿಲ್ಲಿಸಿದ್ದರೆ ಅದೊಂದು ಚೆಂದದ ವಾರ್ಷಿಕ ವರದಿಯಾಗುತ್ತಿತ್ತು. ಆದರೆ ಕಾರ್ಯಕ್ರಮ ಕಟ್ಟಿದವರು ಮೊದಲೇ ಒಂದು ಜಾಣತನ ಮಾಡಿದ್ದರು. ವಯಸ್ಸು, ಮನೆಯ ಪರಿಸ್ಥಿತಿ, ಸ್ವಭಾವಗಳಲ್ಲಿ ಒಬ್ಬರನ್ನೊಬ್ಬರು ಹೋಲುವ ಹುಡುಗರ ಜೋಡಿಗಳನ್ನು ಮಾಡಿ, ಯಾರಿಗೆ ನೆರವು ಸಿಗಬೇಕೆಂಬುದನ್ನು ನಾಣ್ಯ ಚಿಮ್ಮಿ ನಿರ್ಧರಿಸಿದ್ದರು. ಕೊನೆಗೆ ಲೆಕ್ಕಕ್ಕೆ ಸಿಕ್ಕಿದ್ದು 253 ಜೋಡಿಗಳು, ಒಟ್ಟು 506 ಮಂದಿ. ಮೆಕಾರ್ಡ್ 1978ರಲ್ಲಿ ಪ್ರಕಟಿಸಿದ ಹೋಲಿಕೆ ಹೇಳಿದ್ದೇ ಬೇರೆ. ನೆರವು ಪಡೆದವರಲ್ಲಿ ಒಂದಕ್ಕಿಂತ ಹೆಚ್ಚು ಅಪರಾಧ ಮಾಡಿದವರು, ಕುಡಿತಕ್ಕೆ ಬಿದ್ದ ಲಕ್ಷಣವಿದ್ದವರು, ಬೇಗ ತೀರಿಕೊಂಡವರು ನೆರವು ಪಡೆಯದವರಿಗಿಂತ ಹೆಚ್ಚಿದ್ದರು. ಯಾವ ಅಳತೆಯಲ್ಲೂ ನೆರವು ಪಡೆದವರು ಮುಂದಿರಲಿಲ್ಲ.

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರಲ್ಲ, ಸಂಸ್ಥೆ ಕಟ್ಟಿದವರಿಗೆ ತಮ್ಮ ಕಾರ್ಯಕ್ರಮವೂ ಹಾಗೆಯೇ. ಮೌಲ್ಯಮಾಪನ ಬೇಕಾಗುವುದು ಆ ಮುದ್ದನ್ನು ಕೆಡಿಸುವುದಕ್ಕಲ್ಲ, ಹೆಗ್ಗಣವೋ ಅಲ್ಲವೋ ಎಂದು ತಿಳಿಯುವುದಕ್ಕೆ. ಸಣ್ಣ ಸಂಸ್ಥೆಯೊಂದು ತನ್ನದೇ ಸಿಬ್ಬಂದಿಯಿಂದ, ಕೈಗೆಟಕುವ ಖರ್ಚಿನಲ್ಲಿ ಇದನ್ನು ಹೇಗೆ ಮಾಡಬಹುದು ಎಂಬುದನ್ನು ಕ್ರಮವಾಗಿ ಬರೆಯುತ್ತೇನೆ. ಉದಾಹರಣೆಗೆ ಉದ್ದಕ್ಕೂ ಒಂದೇ ಕಾರ್ಯಕ್ರಮವನ್ನು ಇಟ್ಟುಕೊಳ್ಳೋಣ: ಶಾಲೆ ಬಿಟ್ಟ ಮೇಲೆ ಮಕ್ಕಳಿಗೆ ಓದು ಕಲಿಸುವ ಸಂಜೆ ಕೇಂದ್ರ.

ಹೆಜ್ಜೆ 1: ಮೊದಲು ತೀರ್ಮಾನ, ಆಮೇಲೆ ಪ್ರಶ್ನೆ

ಹೆಚ್ಚಿನ ಸಂಸ್ಥೆಗಳಲ್ಲಿ ಮೌಲ್ಯಮಾಪನ ಶುರುವಾಗುವುದು ಪ್ರಶ್ನಾವಳಿಯಿಂದ. ಎಲ್ಲರೂ ಮೇಜಿನ ಸುತ್ತ ಕುಳಿತು 'ಇದನ್ನೂ ಕೇಳೋಣ, ಅದನ್ನೂ ಕೇಳೋಣ' ಎನ್ನುತ್ತಾರೆ. ನಾನೂ ಹಾಗೆ ಕುಳಿತಿದ್ದೇನೆ. ನಾವು ಮಾಡಿದ ಒಂದು ಪ್ರಶ್ನಾವಳಿ ನೂರು ಪ್ರಶ್ನೆ ದಾಟಿತ್ತು. ಆ ಉತ್ತರಗಳಲ್ಲಿ ಮುಕ್ಕಾಲು ಭಾಗವನ್ನು ಯಾರೂ ಎಂದೂ ತೆರೆದು ನೋಡಲಿಲ್ಲ. ವರದಿ ಬೀರು ಸೇರಿತು, ಕಾರ್ಯಕ್ರಮ ಮೊದಲಿನಂತೆಯೇ ನಡೆಯಿತು.

ಅಲ್ಲಿಂದ ಕಲಿತದ್ದು ಇಷ್ಟು. ಕಾಗದ ತೆಗೆದುಕೊಂಡು ಮೊದಲ ಸಾಲಿನಲ್ಲಿ ಬರೆಯಬೇಕಾದದ್ದು ಪ್ರಶ್ನೆಯನ್ನಲ್ಲ, ಮುಂದಿನ ಒಂದು ವರ್ಷದಲ್ಲಿ ನೀವು ತೆಗೆದುಕೊಳ್ಳಬೇಕಾಗಿರುವ ತೀರ್ಮಾನವನ್ನು. ಕೇಂದ್ರಗಳನ್ನು ಹೆಚ್ಚಿಸಬೇಕೇ? ಸ್ವಯಂಸೇವಕರ ಬದಲು ಸಂಬಳದ ಶಿಕ್ಷಕರನ್ನು ಇಡಬೇಕೇ? ದೊಡ್ಡ ಮಕ್ಕಳಿಗೆ ಬೇರೆ ತರಗತಿ ಬೇಕೇ? ಆ ತೀರ್ಮಾನ ಯಾರ ಕೈಯಲ್ಲಿದೆ, ಯಾವ ತಿಂಗಳಲ್ಲಿ ಆಗಬೇಕು ಎಂಬುದನ್ನೂ ಪಕ್ಕದಲ್ಲಿ ಬರೆಯಿರಿ. ಬಳಸುವವರು ಯಾರೆಂದು ಮೊದಲೇ ಗೊತ್ತಿಲ್ಲದ ಮೌಲ್ಯಮಾಪನ ವ್ಯರ್ಥ ಎಂಬ ವಾದವನ್ನು ಅಮೆರಿಕದ ಮೌಲ್ಯಮಾಪನ ತಜ್ಞ ಮೈಕಲ್ ಕ್ವಿನ್ ಪ್ಯಾಟನ್ 1978ರಿಂದಲೂ ಮುಂದಿಡುತ್ತ ಬಂದಿದ್ದಾರೆ. ಈ ಕ್ಷೇತ್ರದಲ್ಲಿ ಅಷ್ಟು ಉಪಯೋಗಕ್ಕೆ ಬಂದ ಮಾತು ನನಗೆ ಇನ್ನೊಂದು ಗೊತ್ತಿಲ್ಲ.

ಆಮೇಲೆ ಒಂದು ಸಣ್ಣ ಪರೀಕ್ಷೆ. ಮಾಹಿತಿ ಸಂಗ್ರಹಿಸುವ ಮೊದಲೇ ವರದಿಯ ಕೋಷ್ಟಕಗಳನ್ನು ಖಾಲಿಯಾಗಿ ಎಳೆದಿಡಿ. ಅದರೊಳಗೆ ಸುಮ್ಮನೆ ಒಂದು ಸಂಖ್ಯೆ ತುಂಬಿ: 'ಸರಾಗವಾಗಿ ಓದಬಲ್ಲ ಮಕ್ಕಳು: ನೂರಕ್ಕೆ 20.' ಹೀಗೆ ಬಂದರೆ ಏನು ಮಾಡುತ್ತೀರಿ? ಅದನ್ನು ಅಳಿಸಿ 70 ಎಂದು ಬರೆಯಿರಿ. ಈಗ? ಎರಡಕ್ಕೂ ನಿಮ್ಮ ಉತ್ತರ ಒಂದೇ ಆಗಿದ್ದರೆ ಆ ಪ್ರಶ್ನೆಯನ್ನು ಕೇಳಬೇಡಿ. ಜನರ ಸಮಯ ಬಿಟ್ಟಿ ಸಿಗುವುದಿಲ್ಲ.

ತೀರ್ಮಾನ ಯಾವ ಬಗೆಯದೆಂಬುದರ ಮೇಲೆ ಮೌಲ್ಯಮಾಪನದ ಬಗೆಯೂ ನಿಲ್ಲುತ್ತದೆ. ನಡೆಯುತ್ತಿರುವ ಕೆಲಸವನ್ನು ತಿದ್ದಿಕೊಳ್ಳಲು ಮಾಡುವುದು ಒಂದು, ಮುಗಿದ ಕೆಲಸದ ಬಗ್ಗೆ ತೀರ್ಪು ಕೊಡಲು ಮಾಡುವುದು ಇನ್ನೊಂದು. ಈ ಭೇದವನ್ನು ಹೆಸರಿಟ್ಟು ಹೇಳಿದವರು ತತ್ವಜ್ಞಾನಿ ಮೈಕಲ್ ಸ್ಕ್ರಿವನ್, 1967ರಲ್ಲಿ. ಆರು ತಿಂಗಳ ಹಿಂದೆ ಶುರುವಾದ ಕೇಂದ್ರದ ಮೇಲೆ ತೀರ್ಪು ಕೊಡಲು ಹೊರಡುವುದು ನೆಟ್ಟ ಸಸಿಯನ್ನು ವಾರಕ್ಕೊಮ್ಮೆ ಕಿತ್ತು ಬೇರು ನೋಡಿದಂತೆ. ಆ ಹಂತದಲ್ಲಿ ಕೇಳಬೇಕಾದದ್ದು: ಅಂದುಕೊಂಡಂತೆ ಕೆಲಸ ನಡೆಯುತ್ತಿದೆಯೇ, ಬರಬೇಕಾದವರು ಬರುತ್ತಿದ್ದಾರೆಯೇ?

ಹೆಜ್ಜೆ 2: ಕೊಂಡಿಗಳನ್ನು ಬಿಡಿಸಿ ಬರೆಯುವುದು

ಧನಸಹಾಯದ ಅರ್ಜಿಗಳಲ್ಲಿ ಬರುವ 'ಬದಲಾವಣೆಯ ಸಿದ್ಧಾಂತ' ಎಂಬ ಭಾರದ ಮಾತಿಗೆ ಹೆದರಬೇಕಿಲ್ಲ. ನೀವು ಮಾಡುವ ಕೆಲಸದಿಂದ ನೀವು ಬಯಸುವ ಬದಲಾವಣೆಗೆ ಹೋಗುವ ದಾರಿಯನ್ನು ಒಂದೊಂದೇ ಕೊಂಡಿಯಾಗಿ ಬರೆದರೆ ಅದೇ ಸಿದ್ಧಾಂತ. ಕೇಂದ್ರ ತೆರೆದಿರುತ್ತದೆ, ಮಕ್ಕಳು ಬರುತ್ತಾರೆ, ಬಂದವರಿಗೆ ಅವರವರ ಮಟ್ಟಕ್ಕೆ ತಕ್ಕ ಪುಸ್ತಕ ಸಿಗುತ್ತದೆ, ಒಬ್ಬ ದೊಡ್ಡವರು ಪಕ್ಕದಲ್ಲಿ ಕುಳಿತು ಓದಿಸುತ್ತಾರೆ, ಓದು ಸರಾಗವಾಗುತ್ತದೆ, ತರಗತಿಯ ಪಾಠ ಅರ್ಥವಾಗತೊಡಗುತ್ತದೆ, ಮಗು ಶಾಲೆ ಬಿಡುವುದಿಲ್ಲ.

ಈಗ ಪ್ರತಿ ಎರಡು ಕೊಂಡಿಗಳ ನಡುವೆ 'ಇದು ಆಗಬೇಕಾದರೆ ಇನ್ನೇನು ನಿಜವಾಗಿರಬೇಕು?' ಎಂದು ಕೇಳಿ. ಕೇಂದ್ರ ತೆರೆದರೆ ಮಕ್ಕಳು ಬರಬೇಕಾದರೆ ಆ ಹೊತ್ತಿಗೆ ಅವರಿಗೆ ಮನೆಗೆಲಸ ಇರಬಾರದು, ದಾರಿ ಸುರಕ್ಷಿತವಾಗಿರಬೇಕು. ಓದು ಬಂದರೆ ಶಾಲೆ ಬಿಡುವುದಿಲ್ಲ ಎನ್ನಬೇಕಾದರೆ ಮಕ್ಕಳು ಶಾಲೆ ಬಿಡುತ್ತಿರುವುದು ಓದು ಬಾರದ ಕಾರಣಕ್ಕೇ ಆಗಿರಬೇಕು, ದುಡಿಯಬೇಕಾದ ಕಾರಣಕ್ಕಲ್ಲ. ಕೆರೋಲ್ ವೈಸ್ ಎಂಬ ವಿದುಷಿ ಒತ್ತಿ ಹೇಳಿದ್ದು ಇದನ್ನೇ: ಕಾರ್ಯಕ್ರಮದ ಬೆನ್ನಿಗಿರುವ ಊಹೆಗಳನ್ನು ಬೆಳಕಿಗೆ ತಂದರೆ ಎಲ್ಲಿ ಅಳೆಯಬೇಕೆಂಬುದು ತಾನಾಗಿ ಕಾಣುತ್ತದೆ.

ಈ ಕೆಲಸವನ್ನು ನಿರ್ದೇಶಕರ ಕೋಣೆಯಲ್ಲಿ ಮಾಡಬೇಡಿ. ದಿನವೂ ಕೇಂದ್ರದಲ್ಲಿ ಇರುವ ಕಾರ್ಯಕರ್ತರು, ಇಬ್ಬರು ಮೂವರು ಪೋಷಕರು, ಸಾಧ್ಯವಾದರೆ ಬರುವುದನ್ನು ಬಿಟ್ಟುಬಿಟ್ಟ ಒಂದು ಮಗು ಜೊತೆಗಿರಲಿ. ಅತಿ ದುರ್ಬಲವಾದ ಕೊಂಡಿ ಯಾವುದೆಂದು ಅವರಿಗೆ ಸಾಮಾನ್ಯವಾಗಿ ಮೊದಲೇ ಗೊತ್ತಿರುತ್ತದೆ. ಅರ್ಧ ದಿನದ ಕೆಲಸ ಇದು. ಬಣ್ಣದ ಬಾಣಗಳ ಚಿತ್ರ ಬರೆಸಲು ಸಲಹೆಗಾರರಿಗೆ ಹಣ ಸುರಿಯುವ ಅಗತ್ಯ ನನಗಂತೂ ಕಂಡಿಲ್ಲ.

ಹೆಜ್ಜೆ 3: ಕಡಿಮೆ ಸೂಚಕಗಳು, ಸರಿಯಾದವು

'ನಾವು 48 ಸಭೆ ನಡೆಸಿದೆವು' ಎಂಬುದು ಮಾಡಿದ ಕೆಲಸದ ಲೆಕ್ಕ. 'ಸಭೆಗೆ ಬಂದ ತಾಯಂದಿರಲ್ಲಿ ಇಷ್ಟು ಮಂದಿ ಈಗ ಶಾಲೆಗೆ ಹೋಗಿ ಶಿಕ್ಷಕರನ್ನು ಕೇಳುತ್ತಾರೆ' ಎಂಬುದು ಆದ ಬದಲಾವಣೆಯ ಲೆಕ್ಕ. ಎರಡೂ ಬೇಕು, ಆದರೆ ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸಬಾರದು. ಐದರಿಂದ ಎಂಟು ಸೂಚಕಗಳು ಒಂದು ಸಣ್ಣ ಕಾರ್ಯಕ್ರಮಕ್ಕೆ ಧಾರಾಳ. ಪ್ರತಿ ಸೂಚಕಕ್ಕೂ ಯಾರಲ್ಲಿ, ಯಾವುದನ್ನು, ಹೇಗೆ, ಯಾವಾಗ ಅಳೆಯುತ್ತೀರಿ ಎಂಬುದು ಒಂದೇ ವಾಕ್ಯದಲ್ಲಿ ಇರಲಿ. 'ಓದುವ ಸಾಮರ್ಥ್ಯ ಸುಧಾರಣೆ' ಸೂಚಕವಲ್ಲ, ಆಸೆ. 'ಎಂಟರಿಂದ ಹತ್ತು ವರ್ಷದ, ಕೇಂದ್ರಕ್ಕೆ ಹೆಸರು ಕೊಟ್ಟ ಮಕ್ಕಳಲ್ಲಿ, ಮೊದಲು ನೋಡಿರದ ಹತ್ತು ಸಾಲಿನ ಕತೆಯನ್ನು ಮೂರಕ್ಕಿಂತ ಹೆಚ್ಚು ಬಾರಿ ತಡವರಿಸದೆ ಓದುವವರ ಪಾಲು' ಎಂದರೆ ಇಬ್ಬರು ಬೇರೆ ಬೇರೆಯಾಗಿ ಅಳೆದರೂ ಒಂದೇ ಉತ್ತರ ಬರುತ್ತದೆ.

ಒಂದು ಎಚ್ಚರಿಕೆ. ಯಾವ ಸಂಖ್ಯೆಗೆ ಬಹುಮಾನವನ್ನೋ ಶಿಕ್ಷೆಯನ್ನೋ ಕಟ್ಟುತ್ತೀರೋ ಆ ಸಂಖ್ಯೆ ಕೆಡತೊಡಗುತ್ತದೆ. ಅಮೆರಿಕದ ಮನೋವಿಜ್ಞಾನಿ ಡೊನಾಲ್ಡ್ ಕ್ಯಾಂಪ್‌ಬೆಲ್ 1970ರ ದಶಕದಲ್ಲಿ ಇದನ್ನು ಸ್ಪಷ್ಟವಾಗಿ ಬರೆದರು, ಅದಕ್ಕೆ ಅವರ ಹೆಸರೇ ಉಳಿದಿದೆ. ಹಾಜರಾತಿ ಕಡಿಮೆಯಾದ ಕೇಂದ್ರಕ್ಕೆ ಹಣ ಕಡಿತ ಎಂದು ಸುತ್ತೋಲೆ ಹೊರಡಿಸಿ ನೋಡಿ. ಮರುತಿಂಗಳು ಹಾಜರಿ ಪುಸ್ತಕದಲ್ಲಿ ಮಕ್ಕಳು ತುಂಬಿ ತುಳುಕುತ್ತಾರೆ, ಕೋಣೆಯಲ್ಲಿ ಅಲ್ಲ.

ಹೆಜ್ಜೆ 4: ಆರಂಭದ ಅಳತೆ

ಕೋಟೆ ಸೂರೆಹೋದ ಮೇಲೆ ಬಾಗಿಲು ಹಾಕಿದರು ಎಂಬ ಗಾದೆ ಈ ಹೆಜ್ಜೆಗೇ ಹೊಂದುತ್ತದೆ. ಕಾರ್ಯಕ್ರಮ ಮುಗಿಯುವ ಹೊತ್ತಿಗೆ 'ಮೊದಲು ಹೇಗಿತ್ತು?' ಎಂಬುದರ ದಾಖಲೆಯೇ ಇರುವುದಿಲ್ಲ. ಕೆಲಸ ಶುರುವಾಗುವ ಮೊದಲೇ ಅದೇ ಸೂಚಕಗಳನ್ನು ಅದೇ ವಿಧಾನದಲ್ಲಿ, ಸಾಧ್ಯವಾದರೆ ವರ್ಷದ ಅದೇ ಕಾಲದಲ್ಲಿ ಅಳೆಯಿರಿ. ಪರೀಕ್ಷೆಯ ಮುಂಚಿನ ತಿಂಗಳಲ್ಲಿ ಅಳೆದದ್ದನ್ನು ರಜೆ ಮುಗಿದ ವಾರದ ಅಳತೆಗೆ ಹೋಲಿಸಿದರೆ ನೀವು ಅಳೆದದ್ದು ರಜೆಯನ್ನು, ಕೇಂದ್ರವನ್ನಲ್ಲ.

ಆರಂಭದ ಅಳತೆ ತಪ್ಪಿಹೋಗಿದ್ದರೆ? ಹಳೆಯ ದಾಖಲೆಗಳನ್ನು ಹುಡುಕಿ: ನೋಂದಣಿ ಅರ್ಜಿ, ಶಾಲೆಯ ಹಾಜರಿ, ಆರೋಗ್ಯ ಕೇಂದ್ರದ ಪುಸ್ತಕ. ಇಂದು ಹೊಸದಾಗಿ ಸೇರುತ್ತಿರುವ ಮಕ್ಕಳನ್ನು ಅಳೆದು ಅದನ್ನೇ ಅಂದಾಜಾಗಿ ಬಳಸುವುದೂ ಉಂಟು. ಜನರ ನೆನಪನ್ನು ಕೇಳುವುದು ಕೊನೆಯ ದಾರಿ. ಈಗ ಚೆನ್ನಾಗಿದ್ದೇವೆ ಎನಿಸಿದವರು ಹಿಂದಿನದನ್ನು ಇದ್ದುದಕ್ಕಿಂತ ಕೆಟ್ಟದಾಗಿ ನೆನೆಯುತ್ತಾರೆ.

ಹೆಜ್ಜೆ 5: ನಾವಿಲ್ಲದಿದ್ದರೆ ಏನಾಗುತ್ತಿತ್ತು?

ಇಡೀ ವಿಷಯದ ಗಂಟು ಇರುವುದು ಇಲ್ಲಿ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೋಗೋಣ.

ಲೆಕ್ಕಕ್ಕಾಗಿ ಕೆಲವು ಸಂಖ್ಯೆಗಳನ್ನು ಕಲ್ಪಿಸಿಕೊಳ್ಳಿ. ಕೇಂದ್ರದ ಮಕ್ಕಳಲ್ಲಿ ವರ್ಷದ ಆರಂಭಕ್ಕೆ ನೂರಕ್ಕೆ 30 ಮಂದಿ ಸರಾಗವಾಗಿ ಓದುತ್ತಿದ್ದರು, ಕೊನೆಗೆ 55 ಮಂದಿ. 25ರ ಏರಿಕೆ! ಆದರೆ ಮಕ್ಕಳು ಒಂದು ವರ್ಷ ದೊಡ್ಡವರಾಗಿದ್ದಾರೆ, ಒಂದು ವರ್ಷ ಶಾಲೆಗೂ ಹೋಗಿದ್ದಾರೆ. ಕೇಂದ್ರವಿಲ್ಲದ, ಉಳಿದಂತೆ ಅಂಥದ್ದೇ ಇನ್ನೊಂದು ಬಡಾವಣೆಯಲ್ಲಿ ಅದೇ ಅವಧಿಯಲ್ಲಿ 32 ಇದ್ದದ್ದು 48 ಆಗಿದೆ, ಅಂದರೆ 16ರ ಏರಿಕೆ. 25ರಲ್ಲಿ 16 ಕಳೆದರೆ ಉಳಿಯುವ 9 ನಿಮ್ಮ ಕೇಂದ್ರದ್ದಿರಬಹುದು. 'ಇರಬಹುದು' ಏಕೆಂದರೆ ಈ ಲೆಕ್ಕ ಒಂದು ಊಹೆಯ ಮೇಲೆ ನಿಂತಿದೆ: ಕೇಂದ್ರ ಇಲ್ಲದಿದ್ದರೆ ಎರಡೂ ಬಡಾವಣೆಗಳ ಮಕ್ಕಳು ಒಂದೇ ವೇಗದಲ್ಲಿ ಮುಂದೆ ಹೋಗುತ್ತಿದ್ದರು ಎಂಬುದು. ಹಿಂದಿನ ಎರಡು ಮೂರು ವರ್ಷಗಳ ಶಾಲೆಯ ಅಂಕಗಳು ಸಿಕ್ಕರೆ ಈ ಊಹೆಯನ್ನು ಸ್ವಲ್ಪ ಮಟ್ಟಿಗೆ ಪರೀಕ್ಷಿಸಬಹುದು.

ಇನ್ನೊಂದು ಬಲೆ ಕಣ್ಣಿಗೆ ಕಾಣುವುದೇ ಇಲ್ಲ. ಅತ್ಯಂತ ಕಡಿಮೆ ಅಂಕ ಪಡೆದ ಮಕ್ಕಳನ್ನೇ ಆರಿಸಿ ಕೇಂದ್ರಕ್ಕೆ ಸೇರಿಸಿಕೊಂಡಿದ್ದೀರಿ ಎನ್ನಿ. ಅವರಲ್ಲಿ ಕೆಲವರಿಗೆ ಅಂದು ಜ್ವರವಿತ್ತು, ಕೆಲವರಿಗೆ ನಿದ್ದೆಯಿರಲಿಲ್ಲ. ಮುಂದಿನ ಸಲ ಏನೂ ಮಾಡದಿದ್ದರೂ ಅಂಥವರ ಅಂಕ ಸರಾಸರಿಯ ಕಡೆಗೆ ಏರುತ್ತದೆ. ಬ್ರಿಟಿಷ್ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ 1886ರಲ್ಲೇ ತಂದೆತಾಯಿ ಮತ್ತು ಮಕ್ಕಳ ಎತ್ತರದಲ್ಲಿ ಇದನ್ನು ತೋರಿಸಿದ್ದ. ತೀರಾ ಹಿಂದುಳಿದವರನ್ನೇ ಆರಿಸಿಕೊಳ್ಳುವ ಕಾರ್ಯಕ್ರಮಗಳೆಲ್ಲ, ಒಳ್ಳೆಯ ಉದ್ದೇಶದ ಕಾರಣಕ್ಕೇ, ಈ ಬಲೆಗೆ ಬೀಳುತ್ತವೆ. ಹೋಲಿಕೆಗೂ ಅಷ್ಟೇ ಹಿಂದುಳಿದವರನ್ನು ಇಟ್ಟುಕೊಳ್ಳದೆ ತಪ್ಪಿಸಿಕೊಳ್ಳುವ ದಾರಿಯಿಲ್ಲ.

ಹೋಲಿಕೆಗೆ ಎಲ್ಲಕ್ಕಿಂತ ಗಟ್ಟಿಯಾದ ದಾರಿ ಚೀಟಿ ಎತ್ತುವುದು. 'ಬಡವರ ಮೇಲೆ ಪ್ರಯೋಗವೇ?' ಎಂಬ ಆಕ್ಷೇಪ ಇದಕ್ಕೆ ಬಂದೇ ಬರುತ್ತದೆ, ಅದು ಬರಬೇಕಾದದ್ದೇ. ಆದರೆ ಹಣ ಅಥವಾ ಜಾಗ ಎಲ್ಲರಿಗೂ ಸಾಲದಿದ್ದಾಗ ಯಾರಿಗಾದರೂ ಕಾಯಲು ಹೇಳಲೇಬೇಕಾಗುತ್ತದೆ. ಶಿಫಾರಸಿನ ಮೇಲೆ ಆರಿಸುವುದಕ್ಕಿಂತ ಎಲ್ಲರೆದುರು ಚೀಟಿ ಎತ್ತುವುದು ಹೆಚ್ಚು ನ್ಯಾಯ, ಕಾಯುತ್ತಿರುವವರ ಪಟ್ಟಿಯೇ ಹೋಲಿಕೆ ಗುಂಪಾಗುತ್ತದೆ. ಮೆಕ್ಸಿಕೊ ಸರ್ಕಾರ 1997ರಲ್ಲಿ ಮಕ್ಕಳನ್ನು ಶಾಲೆಗೆ ಕಳುಹಿಸುವ ಬಡ ಕುಟುಂಬಗಳಿಗೆ ಹಣ ಕೊಡುವ ಪ್ರೊಗ್ರೆಸಾ ಯೋಜನೆ ಆರಂಭಿಸಿದಾಗ ಹೀಗೆಯೇ ಮಾಡಿತು. ಅಧ್ಯಯನಕ್ಕೆ ಆರಿಸಿದ 506 ಹಳ್ಳಿಗಳಲ್ಲಿ 320ಕ್ಕೆ ಮೊದಲು, 186ಕ್ಕೆ ನಂತರ. (ಮೇಲಿನ ಹುಡುಗರ ಕತೆಯಲ್ಲೂ 506, ಇಲ್ಲೂ 506. ಬರೀ ಕಾಕತಾಳೀಯ.) ಶಾಲೆಯ ದಾಖಲಾತಿ ಹೆಚ್ಚಿದ್ದು ಹೋಲಿಕೆಯಲ್ಲಿ ಸ್ಪಷ್ಟವಾಗಿ ಕಂಡಿತು, ಅದರಲ್ಲೂ ಪ್ರೌಢಶಾಲೆಯ ಹೆಣ್ಣುಮಕ್ಕಳಲ್ಲಿ. ಇಂಥ ಪ್ರಯೋಗಗಳನ್ನು ಬಡತನದ ಅಧ್ಯಯನಕ್ಕೆ ಬಳಸಿದ್ದಕ್ಕಾಗಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ, ಮೈಕಲ್ ಕ್ರೆಮರ್ ಅವರಿಗೆ 2019ರ ಅರ್ಥಶಾಸ್ತ್ರದ ನೊಬೆಲ್ ಬಂತು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು. ಒಂದೇ ಕೇಂದ್ರ, ಅರವತ್ತು ಮಕ್ಕಳು ಇರುವ ಸಂಸ್ಥೆ ಇದಕ್ಕೆ ಕೈ ಹಾಕಬಾರದು. ಅಷ್ಟು ಕಡಿಮೆ ಜನರಲ್ಲಿ ನಿಜವಾದ ವ್ಯತ್ಯಾಸವನ್ನೂ ಆಕಸ್ಮಿಕವನ್ನೂ ಬೇರ್ಪಡಿಸಲಾಗುವುದಿಲ್ಲ. ಅಂಥವರು ಪತ್ತೇದಾರರಂತೆ ಕೆಲಸ ಮಾಡಬೇಕು. ಬದಲಾವಣೆಗೆ ಇರಬಹುದಾದ ಬೇರೆ ಕಾರಣಗಳನ್ನು ಪಟ್ಟಿ ಮಾಡಿ: ಶಾಲೆಗೆ ಹೊಸ ಶಿಕ್ಷಕಿ ಬಂದರೇ, ಇನ್ನೊಂದು ಸಂಸ್ಥೆ ಪುಸ್ತಕ ಹಂಚಿತೇ, ಹಿಂದುಳಿದ ಮಕ್ಕಳ ಕುಟುಂಬಗಳೇ ಊರು ಬಿಟ್ಟವೇ? ಒಂದೊಂದಕ್ಕೂ ಪರ ವಿರೋಧ ಸಾಕ್ಷ್ಯ ಹುಡುಕಿ. ಹೆಚ್ಚು ದಿನ ಬಂದ ಮಕ್ಕಳಲ್ಲಿ ಹೆಚ್ಚು ಸುಧಾರಣೆ ಇದೆಯೇ? ಕೊಂಡಿಗಳು ಬರೆದ ಕ್ರಮದಲ್ಲೇ ಬದಲಾವಣೆ ನಡೆದಿದೆಯೇ? ಹೀಗೆ ಮಾಡಿ 'ನಮ್ಮ ಪಾಲೂ ಇದೆ, ಕಾರಣ ಹೀಗೆ' ಎಂದು ಬರೆದರೆ ಅದು ಮರ್ಯಾದಸ್ಥ ಫಲಿತಾಂಶ. 'ನಮ್ಮಿಂದಲೇ ಆಯಿತು' ಎಂದು ಮಾತ್ರ ಬರೆಯಬೇಡಿ.

ಹೆಜ್ಜೆ 6: ಎಷ್ಟು ಜನರನ್ನು ಕೇಳಬೇಕು

ಇನ್ನೂರು ಮನೆಗಳಿದ್ದರೆ, ಸಾಧ್ಯವಾದಷ್ಟೂ ಎಲ್ಲರನ್ನೂ ಕೇಳಿಬಿಡಿ. ಅದಕ್ಕಿಂತ ಹೆಚ್ಚಿದ್ದರೆ ಮಾದರಿ ಬೇಕು. ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತಿ, ಆರಿಸಿದ ಸುಮಾರು 385 ಜನರನ್ನು ಕೇಳಿದರೆ ಶೇಕಡಾವಾರು ಅಂದಾಜು ಹೆಚ್ಚೆಂದರೆ ಐದು ಅಂಶ ಆಚೀಚೆ ಇರುತ್ತದೆ ಎಂದು ಶೇ. 95ರ ಭರವಸೆಯಲ್ಲಿ ಹೇಳಬಹುದು. ಹತ್ತು ಅಂಶ ಆಚೀಚೆಯಾದರೂ ಪರವಾಗಿಲ್ಲ ಎಂದರೆ 97 ಜನ ಸಾಕು. ತಪ್ಪಿನ ಅಂತರವನ್ನು ಅರ್ಧಕ್ಕೆ ಇಳಿಸಲು ಮಾದರಿಯನ್ನು ನಾಲ್ಕು ಪಟ್ಟು ಮಾಡಬೇಕು ಎಂಬುದು ಇದರ ಹಿಂದಿನ ಲೆಕ್ಕ. ಒಟ್ಟು ಜನಸಂಖ್ಯೆ ಒಂದು ಲಕ್ಷವಿದ್ದರೂ ಹತ್ತು ಲಕ್ಷವಿದ್ದರೂ ಈ ಸಂಖ್ಯೆ ಹೆಚ್ಚು ಕಡಿಮೆ ಅದೇ ಎಂದರೆ ಆಡಳಿತ ಮಂಡಳಿಯವರು ನಂಬುವುದಿಲ್ಲ, ಆದರೆ ಅದು ನಿಜ. ಒಟ್ಟು ಸಣ್ಣದಿದ್ದಾಗ ಮಾತ್ರ ಇಳಿಯುತ್ತದೆ: 200 ಜನರಲ್ಲಿ ಐದು ಅಂಶದ ನಿಖರತೆಗೆ 132 ಸಾಕು.

ಈ ಲೆಕ್ಕ ಒಬ್ಬೊಬ್ಬರನ್ನೂ ಬೇರೆ ಬೇರೆಯಾಗಿ ಚೀಟಿ ಎತ್ತಿ ಆರಿಸಿದಾಗ ಮಾತ್ರ ನಿಲ್ಲುತ್ತದೆ. ನಾಲ್ಕೇ ಬೀದಿಗಳನ್ನು ಆರಿಸಿ ಅಲ್ಲಿನ ಎಲ್ಲರನ್ನೂ ಕೇಳಿದರೆ, ಒಂದೇ ಬೀದಿಯವರು ಒಬ್ಬರನ್ನೊಬ್ಬರು ಹೋಲುವುದರಿಂದ, ನಿಮಗೆ ಸಿಗುವ ಮಾಹಿತಿ ತಲೆ ಎಣಿಕೆ ಹೇಳುವುದಕ್ಕಿಂತ ಕಡಿಮೆ. ಎರಡು ಗುಂಪುಗಳ ನಡುವಿನ ಸಣ್ಣ ವ್ಯತ್ಯಾಸ ಹಿಡಿಯಲು ಇನ್ನೂ ಹೆಚ್ಚು ಜನ ಬೇಕು. ಆ ಲೆಕ್ಕಕ್ಕೆ ಸಂಖ್ಯಾಶಾಸ್ತ್ರ ಬಲ್ಲವರೊಬ್ಬರ ಒಂದು ಗಂಟೆ ಸಮಯ ಕೇಳಿ ಪಡೆಯಿರಿ.

ಸಂಖ್ಯೆಗಿಂತ ದೊಡ್ಡ ತಪ್ಪು ಆಯ್ಕೆಯಲ್ಲಿ ಆಗುತ್ತದೆ. ಕಾರ್ಯಕರ್ತರು ರಸ್ತೆಗೆ ಹತ್ತಿರದ, ಹಗಲು ಮನೆಯಲ್ಲಿ ಸಿಗುವ, ನಗುತ್ತ ಮಾತನಾಡಿಸುವ ಮನೆಗಳಿಗೇ ಹೋಗುತ್ತಾರೆ. ಅವರ ತಪ್ಪಲ್ಲ, ಮನುಷ್ಯ ಸ್ವಭಾವ. ಆದ್ದರಿಂದ ಪಟ್ಟಿಯನ್ನು ಕಚೇರಿಯಲ್ಲೇ ಮಾಡಿ ಕೊಡಿ, ಮೂರು ಬಾರಿ ಹೋದರೂ ಸಿಗದವರ ಹೆಸರಿನ ಮುಂದೆ ಗುರುತು ಹಾಕಲು ಹೇಳಿ. ಬದಲಿ ಮನೆಯನ್ನು ಅವರೇ ಆರಿಸುವಂತಿಲ್ಲ.

ಹೆಜ್ಜೆ 7: ಕೇಳುವ ಕಲೆ

'ಕೇಂದ್ರದ ಪಾಠ ಮತ್ತು ಸಮಯ ನಿಮಗೆ ಅನುಕೂಲವಾಗಿದೆಯೇ?' ಇಲ್ಲಿ ಎರಡು ಪ್ರಶ್ನೆಗಳಿವೆ, ಒಂದೇ ಉತ್ತರಕ್ಕೆ ಜಾಗವಿದೆ. 'ಕೇಂದ್ರದಿಂದ ನಿಮ್ಮ ಮಗುವಿಗೆ ಎಷ್ಟು ಲಾಭವಾಯಿತು?' ಎಂದರೆ ಲಾಭವಾಗಿದೆ ಎಂದು ನೀವೇ ಹೇಳಿಕೊಟ್ಟಂತೆ. 'ಕಳೆದ ವರ್ಷ ಎಷ್ಟು ದಿನ ಮಗುವಿಗೆ ಓದಿ ಹೇಳಿದ್ದೀರಿ?' ಎಂದರೆ ಯಾರಿಗೂ ನೆನಪಿರುವುದಿಲ್ಲ. ಕಳೆದ ಏಳು ದಿನ ಎಂದು ಕೇಳಿ. ಅಂಗವೈಕಲ್ಯದ ವಿಷಯದಲ್ಲಿ 'ನಿಮ್ಮ ಮನೆಯಲ್ಲಿ ಅಂಗವಿಕಲರಿದ್ದಾರೆಯೇ?' ಎಂದರೆ ಹೆಚ್ಚಿನವರು ಇಲ್ಲ ಎನ್ನುತ್ತಾರೆ. ವಾಷಿಂಗ್ಟನ್ ಗುಂಪು ಎಂದು ಕರೆಯುವ ಅಂತರರಾಷ್ಟ್ರೀಯ ಅಂಕಿಅಂಶ ತಜ್ಞರ ಕೂಟ ರೂಪಿಸಿದ ಆರು ಪ್ರಶ್ನೆಗಳು ಆ ಪದವನ್ನೇ ಬಳಸದೆ ನೋಡಲು, ಕೇಳಲು, ನಡೆಯಲು, ನೆನಪಿಡಲು, ತನ್ನ ಆರೈಕೆ ಮಾಡಿಕೊಳ್ಳಲು, ಮಾತನ್ನು ತಿಳಿಯಲು ಹಾಗೂ ತಿಳಿಸಲು ಎಷ್ಟು ಕಷ್ಟವಾಗುತ್ತದೆ ಎಂದು ಕೇಳುತ್ತವೆ. ಹೀಗೆ ಪರೀಕ್ಷಿಸಿದ ಪ್ರಶ್ನೆಗಳು ಸಿಕ್ಕರೆ ನಿಮ್ಮದನ್ನು ಹೊಸದಾಗಿ ಕಟ್ಟಲು ಹೋಗಬೇಡಿ.

ಪ್ರಶ್ನೆಗಳನ್ನು ಬೇರೆ ಭಾಷೆಯಿಂದ ತಂದಿದ್ದರೆ ಅನುವಾದವನ್ನು ಮತ್ತೊಬ್ಬರಿಂದ ಮೂಲ ಭಾಷೆಗೆ ತಿರುಗಿ ಮಾಡಿಸಿ, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ನಂತರ ಸಮೀಕ್ಷೆಯಲ್ಲಿ ಇರದ ಹತ್ತು ಹದಿನೈದು ಜನರ ಮೇಲೆ ಪ್ರಯೋಗಿಸಿ. ಉತ್ತರ ಬರೆದುಕೊಳ್ಳುವುದಷ್ಟೇ ಸಾಲದು. 'ಈ ಪ್ರಶ್ನೆ ಕೇಳಿದಾಗ ನಿಮಗೆ ಏನು ಅರ್ಥವಾಯಿತು?' ಎಂದೂ ಕೇಳಿ. ಮೂವತ್ತು ನಿಮಿಷ ಮೀರಿದರೆ ಕತ್ತರಿ ಹಾಕಿ.

ಯಾರು ಕೇಳುತ್ತಾರೆ ಎಂಬುದು ಏನು ಕೇಳುತ್ತಾರೆ ಎಂಬುದಕ್ಕಿಂತ ಕಡಿಮೆಯದಲ್ಲ. ನೆರವು ಕೊಡುವ ಕೈಯೇ ಪ್ರಶ್ನೆಪತ್ರಿಕೆ ಹಿಡಿದು ಬಂದರೆ ಎಲ್ಲವೂ ಚೆನ್ನಾಗಿದೆ ಎಂಬ ಉತ್ತರವೇ ಬರುತ್ತದೆ; ಯಾರೂ ಅನ್ನದಾತರ ಮುಖಕ್ಕೆ ಹೊಡೆದಂತೆ ಮಾತನಾಡುವುದಿಲ್ಲ. ಹೊರಗಿನವರನ್ನು ನೇಮಿಸಲು ಹಣವಿಲ್ಲದಿದ್ದರೆ ಇನ್ನೊಂದು ಕೇಂದ್ರದ ಕಾರ್ಯಕರ್ತರನ್ನು ಇಲ್ಲಿಗೆ, ಇಲ್ಲಿಯವರನ್ನು ಅಲ್ಲಿಗೆ ಕಳುಹಿಸಿ. ಕೋಬೊ ಟೂಲ್‌ಬಾಕ್ಸ್, ಒಡಿಕೆಯಂಥ ತಂತ್ರಾಂಶಗಳು ನೆಟ್‌ವರ್ಕ್ ಇಲ್ಲದ ಕಡೆಯೂ ಮೊಬೈಲ್‌ನಲ್ಲಿ ಉತ್ತರ ದಾಖಲಿಸಲು ನೆರವಾಗುತ್ತವೆ, ಅಸಾಧ್ಯವಾದ ಉತ್ತರಗಳನ್ನು ಅಲ್ಲೇ ತಡೆಯುತ್ತವೆ.

ಅಂಕಿಗಳು 'ಎಷ್ಟು' ಎಂದು ಹೇಳುತ್ತವೆ, 'ಏಕೆ' ಎಂಬುದಕ್ಕೆ ಕುಳಿತು ಮಾತನಾಡಬೇಕು. ಯಶಸ್ಸಿನ ಕತೆ ಹೇಳುವವರನ್ನು ಸಂಸ್ಥೆಯೇ ಕರೆತಂದರೆ ಅದು ಪ್ರಚಾರ. ಚೆನ್ನಾಗಿ ಕಲಿತ ಐವರು, ಕಲಿಯದ ಐವರು, ಬಿಟ್ಟುಹೋದ ಐವರು ಎಂದು ಹಾಜರಿ ಪುಸ್ತಕದಿಂದಲೇ ಆರಿಸಿ. ಬಿಟ್ಟುಹೋದವರ ಮಾತು ಉಳಿದ ಹತ್ತು ಜನರ ಮಾತಿಗಿಂತ ಹೆಚ್ಚು ಕಲಿಸುತ್ತದೆ, ಇದು ನನ್ನ ಅನುಭವ. ಕಿರುಸಾಲದ ಕತೆ ನೆನಪಿಸಿಕೊಳ್ಳಿ. ಸಾಲದಿಂದ ಬದುಕು ಕಟ್ಟಿಕೊಂಡ ಮಹಿಳೆಯರ ಚಿತ್ರಗಳು ದಶಕಗಳ ಕಾಲ ಜಗತ್ತನ್ನು ಸುತ್ತಿದವು, ಅವು ಸುಳ್ಳಾಗಿರಲಿಲ್ಲ. ಆದರೆ 2015ರಲ್ಲಿ ಭಾರತ, ಮೆಕ್ಸಿಕೊ, ಇಥಿಯೋಪಿಯಾ ಸೇರಿದಂತೆ ಆರು ದೇಶಗಳ ಪ್ರಯೋಗಗಳ ಫಲಿತಾಂಶ ಒಟ್ಟಿಗೆ ಪ್ರಕಟವಾದಾಗ, ಸರಾಸರಿ ಕುಟುಂಬದ ಆದಾಯದಲ್ಲಿ ದೊಡ್ಡ ಜಿಗಿತವೇನೂ ಕಾಣಲಿಲ್ಲ.

ಹೆಜ್ಜೆ 8: ಒಪ್ಪಿಗೆ ಮತ್ತು ಗುಟ್ಟು

ಒಪ್ಪಿಗೆ ಎಂದರೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದಲ್ಲ. ಏಕೆ ಕೇಳುತ್ತಿದ್ದೇವೆ, ಉತ್ತರ ಯಾರು ನೋಡುತ್ತಾರೆ, ಬೇಡ ಎಂದರೂ ಕೇಂದ್ರದಿಂದ ಮಗುವನ್ನು ತೆಗೆಯುವುದಿಲ್ಲ ಎಂಬ ಮೂರನ್ನು ಬಾಯಲ್ಲಿ ಹೇಳಿ, ನಂತರ ಸುಮ್ಮನಿದ್ದು ಅವರ ಉತ್ತರಕ್ಕೆ ಕಾಯಿರಿ. ಮಕ್ಕಳ ವಿಷಯದಲ್ಲಿ ಪೋಷಕರು ಒಪ್ಪಿದ ಮೇಲೂ ಮಗುವನ್ನು ಕೇಳಬೇಕು. ಹೆಸರಿನ ಪಟ್ಟಿ ಒಂದು ಕಡತದಲ್ಲಿ, ಉತ್ತರಗಳು ಇನ್ನೊಂದರಲ್ಲಿ, ನಡುವೆ ಒಂದು ಸಂಖ್ಯೆ ಮಾತ್ರ. ವರದಿಯಲ್ಲಿ ಐದಕ್ಕಿಂತ ಕಡಿಮೆ ಜನರಿರುವ ಕೋಷ್ಟಕದ ಚೌಕವನ್ನು ತುಂಬಬೇಡಿ; 'ಒಬ್ಬ ವಿಧವೆ, ಮೂರನೆಯ ಬೀದಿ' ಎಂದರೆ ಹೆಸರು ಬರೆದಂತೆಯೇ. ಮಾತಿನ ನಡುವೆ ಹಿಂಸೆಯ ಸಂಗತಿ ಹೊರಬಂದರೆ ಯಾರಿಗೆ ತಿಳಿಸಬೇಕು, ಯಾವ ನೆರವಿಗೆ ಕಳುಹಿಸಬೇಕು ಎಂಬುದು ಕಾರ್ಯಕರ್ತರ ಜೇಬಿನಲ್ಲಿ ಮೊದಲೇ ಇರಲಿ.

ಹೆಜ್ಜೆ 9: ಲೆಕ್ಕ ಹಾಕುವಾಗ

ಯಾವ ಶೇಕಡಾವನ್ನೂ ಛೇದವಿಲ್ಲದೆ, ಅಂದರೆ ಎಷ್ಟು ಜನರಲ್ಲಿ ಎಂದು ಹೇಳದೆ, ಬರೆಯಬೇಡಿ. 80 ಮಕ್ಕಳು ಸೇರಿದರು, ವರ್ಷದ ಕೊನೆಗೆ 50 ಮಂದಿ ಉಳಿದರು, ಅವರಲ್ಲಿ 40 ಮಂದಿ ಚೆನ್ನಾಗಿ ಓದುತ್ತಾರೆ ಎಂದುಕೊಳ್ಳಿ. ಉಳಿದವರಲ್ಲಿ ಲೆಕ್ಕ ಹಾಕಿದರೆ ಶೇ. 80, ಸೇರಿದವರಲ್ಲಿ ಹಾಕಿದರೆ ಶೇ. 50. ಎರಡನ್ನೂ ಬರೆಯಿರಿ, ಬಿಟ್ಟುಹೋದ 30 ಮಕ್ಕಳು ಆರಂಭದ ಅಳತೆಯಲ್ಲಿ ಹೇಗಿದ್ದರು ಎಂಬುದನ್ನೂ ಬರೆಯಿರಿ. ಹಿಂದುಳಿದಿದ್ದವರೇ ಹೆಚ್ಚಾಗಿ ಬಿಟ್ಟುಹೋಗಿದ್ದರೆ, ಉಳಿದವರ ಸರಾಸರಿ ಯಾರೂ ಏನೂ ಕಲಿಯದೆಯೇ ಏರಿರುತ್ತದೆ.

ಗುಂಪುಗಳನ್ನು ಬಿಡಿಸಿ ನೋಡಿ, ಆದರೆ ಯಾವ ಗುಂಪುಗಳು ಎಂಬುದನ್ನು ಮೊದಲೇ ಬರೆದಿಟ್ಟು. ಇಪ್ಪತ್ತು ಅಳತೆಗಳಲ್ಲಿ ಹುಡುಕಿದರೆ, ಕಾರ್ಯಕ್ರಮದಿಂದ ಏನೂ ಆಗದಿದ್ದರೂ ಸರಾಸರಿ ಒಂದರಲ್ಲಿ 'ಗಮನಾರ್ಹ' ವ್ಯತ್ಯಾಸ ಆಕಸ್ಮಿಕವಾಗಿ ಸಿಕ್ಕೇ ಸಿಗುತ್ತದೆ, ಅದೇ ಒಂದು ವರದಿಯ ಮುಖಪುಟಕ್ಕೂ ಏರುತ್ತದೆ.

ಹೆಜ್ಜೆ 10: ಕೆಟ್ಟ ಸುದ್ದಿ, ಹಣ, ಮತ್ತು ವಾಪಸು ಹೋಗುವುದು

ಕಾರ್ಯಕ್ರಮದ ವೆಚ್ಚದಲ್ಲಿ ಶೇ. 5ರಿಂದ 10ರಷ್ಟನ್ನು ಮೌಲ್ಯಮಾಪನಕ್ಕೆ ಇಡುವುದು ಈ ಕ್ಷೇತ್ರದಲ್ಲಿ ರೂಢಿಯಲ್ಲಿರುವ ಅಂದಾಜು. ಅದನ್ನು ಯೋಜನೆಯ ಅರ್ಜಿಯಲ್ಲೇ ಸೇರಿಸಿ. ನಂತರ ಕೇಳಿದರೆ ಯಾರೂ ಕೊಡುವುದಿಲ್ಲ.

ಫಲಿತಾಂಶ ಕೆಟ್ಟದಾಗಿ ಬಂದರೆ ದಾನಿಗಳಿಗೆ ನೀವೇ ಮೊದಲು ತಿಳಿಸಿ, ಜೊತೆಗೆ ಏನು ಬದಲಿಸುತ್ತೀರಿ ಎಂಬುದನ್ನೂ. ಇನ್ನೊಬ್ಬರ ಬಾಯಿಂದ ಕೇಳಿದರೆ ಸಿಟ್ಟಾಗುತ್ತಾರೆ. ನಿಮ್ಮಿಂದಲೇ ಕೇಳಿದವರು ಅಷ್ಟಾಗಿ ಸಿಟ್ಟಾದದ್ದನ್ನು ನಾನು ನೋಡಿಲ್ಲ. ವರದಿಯ ಮೊದಲ ಎರಡು ಪುಟಗಳಲ್ಲಿ ಹೆಜ್ಜೆ ಒಂದರಲ್ಲಿ ಬರೆದ ತೀರ್ಮಾನ, ಅದಕ್ಕೆ ಸಿಕ್ಕ ಉತ್ತರ, ಆ ಉತ್ತರವನ್ನು ಎಷ್ಟು ನಂಬಬಹುದು ಎಂಬುದು ಇರಲಿ. ಉಳಿದದ್ದು ಅನುಬಂಧಕ್ಕೆ. ಪ್ರತಿ ಶಿಫಾರಸಿನ ಮುಂದೆ ಒಪ್ಪಿದ್ದೇವೆ ಅಥವಾ ಇಲ್ಲ, ಯಾರು ಮಾಡುತ್ತಾರೆ, ಯಾವ ದಿನಾಂಕದೊಳಗೆ ಎಂದು ಆಡಳಿತ ಮಂಡಳಿ ಸಹಿ ಹಾಕಿ ಬರೆಯಬೇಕು.

ಮತ್ತು ವರದಿ ಅಚ್ಚಾಗುವ ಮೊದಲೇ ಉತ್ತರ ಕೊಟ್ಟವರ ಬಳಿ ಹಿಂತಿರುಗಿ ಹೋಗಿ. ಒಮ್ಮೆ ಇಂಥದ್ದೇ ಸಂಜೆ ಕೇಂದ್ರದ ಕರಡು ವರದಿಯಲ್ಲಿ ನಾವು, ಹನ್ನೊಂದು ದಾಟಿದ ಹೆಣ್ಣುಮಕ್ಕಳ ಹಾಜರಾತಿ ಕುಸಿದಿರುವುದಕ್ಕೆ 'ಪೋಷಕರಲ್ಲಿ ಆಸಕ್ತಿಯ ಕೊರತೆ' ಎಂದು ಬರೆದಿದ್ದೆವು. ದೊಡ್ಡ ಹಾಳೆಯ ಮೇಲೆ ಬರೆದ ಆ ಸಾಲನ್ನು ಓದಿ ಹೇಳಿದಾಗ ಹಿಂದೆ ಕುಳಿತಿದ್ದ ತಾಯಿಯೊಬ್ಬರು ಎದ್ದು ನಿಂತರು. ಕೇಂದ್ರ ಮುಚ್ಚುವ ಹೊತ್ತಿಗೆ ಕತ್ತಲಾಗಿರುತ್ತದೆ, ತಿರುವಿನ ದೀಪ ಕೆಟ್ಟು ಆರು ತಿಂಗಳಾಯಿತು, ನೀವು ನಿಮ್ಮ ಮಗಳನ್ನು ಕಳುಹಿಸುತ್ತೀರಾ ಎಂದು ಕೇಳಿದರು. ಅಲ್ಲೇ ಆ ಸಾಲನ್ನು ಹೊಡೆದು ಹಾಕಿದೆವು. ಮರುವಾರದಿಂದ ಕೇಂದ್ರ ಒಂದು ಗಂಟೆ ಮೊದಲು ತೆರೆಯಿತು, ಹಾಜರಿ ಪುಸ್ತಕದಲ್ಲಿ 'ಎಷ್ಟು ಹೊತ್ತಿಗೆ ಹೊರಟರು' ಎಂಬ ಹೊಸ ಕಾಲಂ ಬಂತು.